ಜವಳದ ನಂತರ ಹುಟ್ಟದ ಕೂದಲು: ವಂಶವಾಹಿ ಪರೀಕ್ಷೆಯ ನನ್ನ ಅನುಭವ

ಕೂದಲು ಉದುರುತ್ತಿದೆ ಎಂದು ಬರುವ ದೊಡ್ಡವರಿಗೆ ನಾನು ವಂಶವಾಹಿ ಪರೀಕ್ಷೆ ಬರೆದುಕೊಡುವುದು ತೀರಾ ಅಪರೂಪ. ಆದರೆ ಹುಟ್ಟಿದ ವರ್ಷದೊಳಗೇ ತಲೆ ಪೂರ್ತಿ ಬೋಳಾದ ಮಗುವಿಗೆ ಅದನ್ನು ಮಾಡಿಸದೆ ಬಿಡುವುದಿಲ್ಲ. ಚರ್ಮರೋಗ ವೈದ್ಯನಾಗಿ ನನಗೆ ಈ ಪಟ್ಟು ಬಂದದ್ದು ನಾಲ್ಕು ವರ್ಷದ ಹುಡುಗಿಯೊಬ್ಬಳಿಂದ.

"ಹುಟ್ಟಿದಾಗ ತಲೆ ತುಂಬ ಕೂದಲಿತ್ತು ಡಾಕ್ಟರೇ. ದೇವರಿಗೆ ಜವಳ ಕೊಟ್ಟು ಬಂದೆವು, ಆಮೇಲೆ ಹುಟ್ಟಲೇ ಇಲ್ಲ" ಎಂದರು ಅಜ್ಜಿ. ಹರಕೆ ಸರಿಯಾಗಿ ತೀರಿಸಲಿಲ್ಲವೆಂಬ ಮಾತು ತಾಯಿಯ ತಲೆಗೆ ಬಂದಿತ್ತು. ಚೀಟಿಗಳ ಕಟ್ಟಿನಲ್ಲಿ ಒಂದರ ಹಿಂದೊಂದು ಸ್ಟೀರಾಯ್ಡ್: ಮುಲಾಮು, ಆಮೇಲೆ ಸಿರಪ್. ದೇಹದ ರೋಗನಿರೋಧಕ ಶಕ್ತಿಯೇ ಕೂದಲಿನ ಮೇಲೆ ತಿರುಗಿಬೀಳುವ ಅಲೋಪೇಸಿಯಾ ಏರಿಯೇಟಾ ಎಂಬ ಕಾಯಿಲೆ ಎಂದುಕೊಂಡು ಕೊಟ್ಟ ಮದ್ದು ಅದು.

ಮಗುವಿನ ಮೊಣಕೈ ತಿರುಗಿಸಿ ನೋಡಿದೆ. ಸಾಸಿವೆಕಾಳಿನಷ್ಟು ಸಣ್ಣ, ಚರ್ಮದ ಬಣ್ಣದ ಗುಳ್ಳೆಗಳು, ಮೊಣಕಾಲಿನಲ್ಲೂ ಹಾಗೆಯೇ. ಹಲ್ಲು, ಉಗುರು ಚೆನ್ನಾಗಿದ್ದವು, ಬೆವರೂ ಬರುತ್ತಿತ್ತು. "ಅಮ್ಮ, ನೀವಿಬ್ಬರೂ ಮದುವೆಗೆ ಮೊದಲೇ ಸಂಬಂಧಿಕರೇ?" ಎಂದು ಕೇಳಿದೆ. "ಇವರು ನನ್ನ ಸ್ವಂತ ಸೋದರಮಾವ" ಎಂದರು ತಾಯಿ.

ಹತ್ತಿರದ ರಕ್ತಸಂಬಂಧವಿದ್ದರೆ ಒಂದೇ ವಂಶವಾಹಿ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಅಲ್ಲಿಗೆ ನನ್ನ ಅನುಮಾನ ಎರಡು ಜೀನ್‌ಗಳಿಗೆ ಇಳಿಯಿತು. ಒಂದು ಎಚ್‌ಆರ್, ಅಂದರೆ ಹೇರ್‌ಲೆಸ್. ಇನ್ನೊಂದು ಜೀವಕೋಶದಲ್ಲಿ ವಿಟಮಿನ್ ಡಿಯನ್ನು ಹಿಡಿದುಕೊಳ್ಳುವ ಪ್ರೋಟೀನ್‌ನ, ಅಂದರೆ ಗ್ರಾಹಕದ (ರಿಸೆಪ್ಟರ್) ಜೀನ್. ಕೂದಲಿನ ಬುಡದಲ್ಲಿ ಇವೆರಡರ ಪ್ರೋಟೀನ್‌ಗಳು ಜೊತೆಗೂಡಿ ಕೆಲಸ ಮಾಡುವುದರಿಂದ ಯಾವುದು ಕೆಟ್ಟರೂ ತಲೆ ಕಾಣುವುದು ಒಂದೇ ರೀತಿ. ಎರಡನೆಯದಾದರೆ ಮೂಳೆಯೂ ಮೆತ್ತಗಾಗುತ್ತದೆ, ಅದಕ್ಕೆ ತಡಮಾಡದೆ ಚಿಕಿತ್ಸೆ ಬೇಕು. ಹಾಗಾಗಿ ಮೊದಲು ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್ ನೋಡಿಸಿದೆ, ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದೆ. ಎಲ್ಲವೂ ಸರಿಯಾಗಿದ್ದವು. ಬಳಿಕ ವಂಶವೃಕ್ಷ ಬರೆದು, ಮಗುವಿನ ಜೊತೆಗೆ ತಂದೆ ತಾಯಿಯ ರಕ್ತವನ್ನೂ ಕಳಿಸಿದೆ. ಹೆತ್ತವರ ಮಾದರಿಯನ್ನು ನಾನು ಎಂದೂ ಬಿಡುವುದಿಲ್ಲ. ಅದಿಲ್ಲದಿದ್ದರೆ "ಅರ್ಥ ಖಚಿತವಿಲ್ಲದ ಬದಲಾವಣೆ" ಎಂಬ ಒಂದು ಸಾಲು ಬಂದು ಎಲ್ಲರನ್ನೂ ನಡುನೀರಿನಲ್ಲಿ ನಿಲ್ಲಿಸಿಬಿಡಬಹುದು.

ವರದಿ ಬರಲು ವಾರಗಳೇ ಹಿಡಿದವು. ಮಗುವಿನ ಎಚ್‌ಆರ್ ಜೀನ್‌ನ ಎರಡೂ ಪ್ರತಿಗಳಲ್ಲಿ ಒಂದೇ ದೋಷ. ತಂದೆಯಲ್ಲಿ ಕೆಟ್ಟ ಪ್ರತಿ ಒಂದೇ, ತಾಯಿಯಲ್ಲೂ ಒಂದೇ, ಹಾಗಾಗಿ ಅವರಿಗೆ ಕಾಯಿಲೆಯಿಲ್ಲ. ಮನುಷ್ಯರಲ್ಲಿ ಈ ಜೀನ್‌ಗೂ ಬೋಳುತನಕ್ಕೂ ಇರುವ ನಂಟು ತಿಳಿದದ್ದು 1998ರಲ್ಲಿ, ಪಾಕಿಸ್ತಾನದ ಕುಟುಂಬವೊಂದರ ಅಧ್ಯಯನದಿಂದ. ಈ ಕಾಯಿಲೆಯಲ್ಲಿ ಮೊದಲ ಕೂದಲು ಸಹಜವಾಗಿಯೇ ಹುಟ್ಟುತ್ತದೆ. ಅದು ಉದುರುವ ಹೊತ್ತಿಗೆ ಬುಡ ಕಳಚಿಹೋಗಿ, ಮತ್ತೆ ಚಿಗುರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಜವಳ ತೆಗೆಸುವ ಕಾಲವೂ ಹೆಚ್ಚುಕಡಿಮೆ ಅದೇ. ಕತ್ತಿಯದೂ ತಪ್ಪಲ್ಲ, ಹರಕೆಯದೂ ಅಲ್ಲ ಎಂದು ಅಜ್ಜಿಯ ಎದುರಿಗೇ ಬಿಡಿಸಿ ಹೇಳಿದೆ. ತಾಯಿ ಬಹಳ ಹೊತ್ತು ಅತ್ತರು.

ಕೂದಲು ಬರಿಸುವ ಮದ್ದು ಇದಕ್ಕಿಲ್ಲ. ಮಗುವಿನ ಬೆಳವಣಿಗೆಗೆ, ಬುದ್ಧಿಗೆ ಕುಂದಿಲ್ಲ. ಸ್ಟೀರಾಯ್ಡ್ ನಿಂತಿತು, ನನ್ನ ಪ್ರಕಾರ ಆ ವರದಿ ಮಾಡಿದ ಅತಿ ದೊಡ್ಡ ಉಪಕಾರ ಇದು.

ಮದ್ದಿರುವ ಕಾಯಿಲೆಯೂ ಒಂದಿದೆ, ಅದನ್ನು ಒತ್ತಿ ಹೇಳಬೇಕು. ಕೂದಲು ತೆಳುವಾಗುವುದರ ಜೊತೆಗೆ ಫಿಟ್ಸ್, ಬಾಯಿಯ ಸುತ್ತ ಕೆಂಪು ದದ್ದು ಇರುವ ಕೂಸನ್ನು ಕಂಡರೆ ಬಯೋಟಿನಿಡೇಸ್ ಕಿಣ್ವದ ರಕ್ತಪರೀಕ್ಷೆ ಕೂಡಲೇ ಆಗಬೇಕು. ಕೊರತೆಯಿದ್ದರೆ ದಿನವೂ ಬಯೋಟಿನ್ ಎಂಬ ವಿಟಮಿನ್ ಕೊಟ್ಟರೆ ಮಗು ಚೇತರಿಸಿಕೊಳ್ಳುತ್ತದೆ. ಚಿಕಿತ್ಸೆ ತಡವಾಗಿ ಕಿವಿ ಕೇಳದಂತಾದರೆ ಅದು ಸಾಮಾನ್ಯವಾಗಿ ಮರಳುವುದಿಲ್ಲ.

ಎಂಜಲಿನ ಮಾದರಿ ಕಳಿಸಿ ಬೋಳುತನದ ವರದಿ ತರಿಸಿಕೊಂಡ ಯುವಕರು ಬಂದರೆ ನಾನು ಮೊದಲು ತಲೆ ನೋಡುತ್ತೇನೆ, ಕೂದಲು ಉದುರಿಸುವ ಡೆಂಗಿ ಅಥವಾ ಟೈಫಾಯ್ಡ್‌ನಂಥ ಜ್ವರ ಇತ್ತೀಚೆಗೆ ಬಂದಿತ್ತೇ ಎಂದು ಕೇಳುತ್ತೇನೆ. ಗಂಡಸರ ಬೋಳುತನ ಒಂದು ಜೀನ್‌ನ ಕೆಲಸವಲ್ಲ. 2017ರಲ್ಲಿ ಬ್ರಿಟನ್ನಿನ ಸುಮಾರು 52,000 ಗಂಡಸರ ಅಧ್ಯಯನ 287 ವಂಶವಾಹಿ ತಾಣಗಳನ್ನು ಗುರುತಿಸಿತು. ಯೂರೋಪ್ ಮೂಲದವರ ಆ ಲೆಕ್ಕ ನಮ್ಮವರಿಗೆ ಹಾಗೆಯೇ ಹೊಂದುವುದಿಲ್ಲ. ಬೋಳುತನದ ಮದ್ದುಗಳಲ್ಲಿ ಫಿನಾಸ್ಟರೈಡ್ ಬೇಕೇ, ಮಿನಾಕ್ಸಿಡಿಲ್ ಸಾಕೇ ಎಂಬುದನ್ನು ತಲೆ ನೋಡಿಯೇ ತೀರ್ಮಾನಿಸುತ್ತೇನೆ.

ಆ ಹುಡುಗಿಯ ಚಿಕ್ಕಮ್ಮನಿಗೆ ಈಗ ಹಿರಿಯ ಸೋದರಮಾವನ ಮಗನೊಂದಿಗೆ ಮದುವೆಯ ಮಾತುಕತೆ ನಡೆದಿದೆ. ಇಬ್ಬರೂ ದೋಷವಾಹಕರಾದರೆ, ಅಂದರೆ ಒಂದೊಂದು ಕೆಟ್ಟ ಪ್ರತಿ ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಈ ಕಾಯಿಲೆ ಬರುವ ಸಾಧ್ಯತೆ ಶೇಕಡಾ 25ರಷ್ಟು. ದೋಷದ ಜಾಗ ಗೊತ್ತಿರುವುದರಿಂದ ಅದೊಂದನ್ನೇ ನೋಡಿದರೆ ಸಾಕು, ಖರ್ಚೂ ಬಹಳ ಕಡಿಮೆ. ಮುಂದಿನ ವಾರ ಇಬ್ಬರನ್ನೂ ಕರೆತರುವುದಾಗಿ ಅಜ್ಜಿಯೇ ಹೇಳಿ ಕಳಿಸಿದ್ದಾರೆ.