ಪೋಸ್ಟಿಂಗ್ ಆದೇಶ ಬರುವ ಮೊದಲೇ ಆಗಬೇಕಾದ ಮನೆಗೆಲಸ

ಸೇನೆಯಲ್ಲಿರುವವರನ್ನು ಮದುವೆಯಾಗಿ ಹೊಸದಾಗಿ ಕ್ವಾರ್ಟರ್ಸಿಗೆ ಬರುವ ನಮ್ಮ ಹೆಣ್ಣುಮಕ್ಕಳು ಸಾಮಾನು ಕಟ್ಟುವ ಬಗೆಯನ್ನೇ ಮೊದಲು ಕೇಳುತ್ತಾರೆ. ಅದನ್ನು ಒಂದೆರಡು ವರ್ಗಾವಣೆಗಳೇ ಕಲಿಸುತ್ತವೆ. ಅದಕ್ಕಿಂತ ಮುಂಚೆ ಒಂದು ಹಾಳೆಯಲ್ಲಿ ಪ್ರತಿಯೊಂದು ಮಗುವೂ ಯಾವ ವರ್ಷ ಯಾವ ತರಗತಿಯಲ್ಲಿರುತ್ತದೆ ಎಂಬುದನ್ನು ಹನ್ನೆರಡನೆಯ ತರಗತಿಯವರೆಗೆ ಬರೆದು, ಅದರ ಪಕ್ಕದಲ್ಲಿ ಯಜಮಾನರ ಈಗಿನ ಪೋಸ್ಟಿಂಗ್ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಗುರುತು ಹಾಕಿ ಇಡಬೇಕು. ಮನೆಯ ಉಳಿದೆಲ್ಲ ನಿರ್ಧಾರಗಳೂ ಆ ಹಾಳೆಯನ್ನು ನೋಡಿಕೊಂಡೇ ಆಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎಂಟನೆಯ ತರಗತಿಯವರೆಗೆ ಊರು ಬದಲಾದರೂ ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ. ಒಂಬತ್ತು ಮತ್ತು ಹನ್ನೊಂದನೆಯ ತರಗತಿಗಳಲ್ಲಿ ಸಿ.ಬಿ.ಎಸ್.ಇ. ಮಂಡಳಿಯ ನೋಂದಣಿ ಆಗುವುದರಿಂದ ಒಂಬತ್ತು-ಹತ್ತನ್ನು ಒಂದೇ ಶಾಲೆಯಲ್ಲಿ, ಹನ್ನೊಂದು-ಹನ್ನೆರಡನ್ನು ಒಂದೇ ಶಾಲೆಯಲ್ಲಿ ಮುಗಿಸುವಂತೆ ಯೋಜಿಸಿಕೊಳ್ಳಿ. ಹನ್ನೆರಡರ ನಡುವೆ ಊರು ಬಿಟ್ಟರೆ, ಮಗು ಆರಿಸಿಕೊಂಡ ವಿಷಯಗಳು ಹೊಸ ಶಾಲೆಯಲ್ಲಿ ಇಲ್ಲದೇ ಹೋಗಬಹುದು. ಈ ವರ್ಷಗಳಲ್ಲಿ ಯಜಮಾನರಿಗೆ ಕುಟುಂಬವನ್ನು ಜೊತೆಗೆ ಕರೆದೊಯ್ಯಲಾಗದ ಫೀಲ್ಡ್ ಪೋಸ್ಟಿಂಗ್ ಬಂದರೆ, ಕುಟುಂಬವನ್ನು ಹಿಂದಿನ ಸ್ಟೇಷನ್ನಿನಲ್ಲಿಯೇ ಉಳಿಸಿಕೊಳ್ಳಲು ಮಕ್ಕಳ ಓದಿನ ಕಾರಣ ನೀಡಿ ಅರ್ಜಿ ಹಾಕುವ ಅವಕಾಶವಿದೆ. ಆದೇಶ ಕೈಗೆ ಬಂದ ಮೇಲೆ ಓಡಾಡುವುದಕ್ಕಿಂತ ಹಾಳೆಯನ್ನು ನೋಡಿ ತಿಂಗಳುಗಳ ಮುಂಚೆಯೇ ಯೂನಿಟ್ಟಿಗೆ ತಿಳಿಸುವುದು ಒಳ್ಳೆಯದು.

ಶಾಲೆಯ ವಿಚಾರಕ್ಕೆ ಬಂದರೆ, ಕೇಂದ್ರೀಯ ವಿದ್ಯಾಲಯಗಳು 1963ರಲ್ಲಿ ಆರಂಭವಾದದ್ದೇ ವರ್ಗಾವಣೆಯಾಗುವ ಕೇಂದ್ರ ನೌಕರರ ಮಕ್ಕಳಿಗಾಗಿ. ಒಂದು ಕೇಂದ್ರೀಯ ವಿದ್ಯಾಲಯದ ಟಿ.ಸಿ. (ವರ್ಗಾವಣೆ ಪತ್ರ) ಮತ್ತು ಯಜಮಾನರ ವರ್ಗಾವಣೆ ಆದೇಶ ಇದ್ದರೆ ಮತ್ತೊಂದರಲ್ಲಿ ಸೇರ್ಪಡೆ ಸುಲಭ. ಆದ್ದರಿಂದ ಟಿ.ಸಿ., ಅಂಕಪಟ್ಟಿ ಮತ್ತು ಮೂವ್‌ಮೆಂಟ್ ಆರ್ಡರಿನ ಪ್ರತಿಗಳನ್ನು ಸಾಮಾನಿನ ಲಾರಿಗೆ ಹಾಕದೆ ಕೈಚೀಲದಲ್ಲಿಯೇ ಒಯ್ಯಿರಿ. ತಿರುಗಾಟವೇ ಬೇಡವೆನಿಸಿದವರಿಗೆ ವಿಜಯಪುರದ ಮತ್ತು ಕೊಡಗಿನ ಕೂಡಿಗೆಯ ಸೈನಿಕ ಶಾಲೆಗಳಿವೆ, ಬೆಳಗಾವಿ ಮತ್ತು ಬೆಂಗಳೂರಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳಿವೆ. ಇವುಗಳಿಗೆ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆ ಇರುವುದರಿಂದ ಮಗು ಐದರಲ್ಲಿರುವಾಗಲೇ ಸಿದ್ಧತೆಯೂ ಅರ್ಜಿಯೂ ಆಗಬೇಕು. ಆದರೆ ಮಗುವಿನ ಮನಸ್ಸನ್ನು ಕೇಳದೆ ಹಾಸ್ಟೆಲಿಗೆ ಕಳುಹಿಸುವುದನ್ನು ನಾನು ಎಂದೂ ಒಪ್ಪುವುದಿಲ್ಲ.

ಓದಿನ ಖರ್ಚಿಗೆ ಮಕ್ಕಳ ಶಿಕ್ಷಣ ಭತ್ಯೆ ಸಿಗುತ್ತದೆ. 2024ರ ಜನವರಿಯಿಂದ ಅದು ಒಂದು ಮಗುವಿಗೆ ತಿಂಗಳಿಗೆ 2,812.50 ರೂಪಾಯಿ, ಇಬ್ಬರು ಹಿರಿಯ ಮಕ್ಕಳವರೆಗೆ. ಹಣಕಾಸು ವರ್ಷ ಮುಗಿದ ಮೇಲೆ ಕೇಳಿ ಪಡೆಯಬೇಕಾದ ಹಣವಿದು. ಅದಕ್ಕೆ ಶಾಲೆಯ ಮುಖ್ಯಸ್ಥರ ಪ್ರಮಾಣಪತ್ರ ಬೇಕಾದ್ದರಿಂದ ಊರು ಬಿಡುವ ಮೊದಲೇ ಅದನ್ನು ಬರೆಸಿಕೊಳ್ಳಿ.

ಉತ್ತರದ ಸ್ಟೇಷನ್ನುಗಳ ಶಾಲೆಗಳಲ್ಲಿ ಮಕ್ಕಳಿಗೆ ಹಿಂದಿ, ಇಂಗ್ಲಿಷ್ ದೊರೆಯುತ್ತವೆ, ಕನ್ನಡ ದೊರೆಯುವುದಿಲ್ಲ. ಮನೆಯಲ್ಲಿ ಮಾತನಾಡಿದ ಮಾತ್ರಕ್ಕೆ ಅಕ್ಷರ ಬರುವುದಿಲ್ಲ. ಕರ್ನಾಟಕದ ಶಾಲೆಗಳಲ್ಲಿ 2015ರ ಕಾಯ್ದೆಯಂತೆ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಕಲಿಯಬೇಕಾಗುವುದರಿಂದ, ಆರೇಳು ವರ್ಷ ಹೊರಗಿದ್ದು ಊರಿಗೆ ಮರಳುವ ಮಗು ಕಾಗುಣಿತದ ಮುಂದೆ ಕಣ್ಣೀರು ಹಾಕುತ್ತದೆ. ದಿನಕ್ಕೆ ಅರ್ಧ ಗಂಟೆ, ಒಂದು ಪುಟ ಓದಿಸಿ, ನಾಲ್ಕು ಸಾಲು ಬರೆಸಿ. ಅಜ್ಜ-ಅಜ್ಜಿಗೆ ಮಗುವಿನ ಕೈಯಿಂದಲೇ ಕನ್ನಡದಲ್ಲಿ ಪತ್ರ ಬರೆಸುವುದರಿಂದ ಎರಡು ಕೆಲಸವೂ ಆಗುತ್ತದೆ.

ಕಾಗದಪತ್ರಗಳಲ್ಲಿ ನಮ್ಮವರಿಗೆ ಹೆಚ್ಚು ತೊಂದರೆ ಕೊಡುವುದು ಹೆಸರು. ನಾವು ಊರು ಮತ್ತು ತಂದೆಯ ಹೆಸರುಗಳನ್ನು ಇನಿಶಿಯಲ್ ಆಗಿ ಬರೆಯುತ್ತೇವೆ. ಉತ್ತರದ ಶಾಲೆಗಳು ಸರ್‌ನೇಮ್ ಕೇಳುತ್ತವೆ. ಒಂದೊಂದು ಕಡೆ ಒಂದೊಂದು ರೀತಿ ತುಂಬಿಸಿದರೆ ಹತ್ತನೆಯ ತರಗತಿಯ ಅಂಕಪಟ್ಟಿ, ಆಧಾರ್ ಮತ್ತು ಸೈನಿಕರ ಸೇವಾ ದಾಖಲೆಗಳನ್ನಿಡುವ ರೆಕಾರ್ಡ್ಸ್ ಆಫೀಸಿನ ದಾಖಲೆ ಒಂದಕ್ಕೊಂದು ತಾಳೆಯಾಗುವುದಿಲ್ಲ, ಪಿಂಚಣಿಯ ಕಾಲದಲ್ಲಿ ಅದೇ ದೊಡ್ಡ ತೊಡಕಾಗುತ್ತದೆ. ಮದುವೆ ಮತ್ತು ಮಗುವಿನ ಜನನ ಪಾರ್ಟ್ ಟು ಆರ್ಡರಿನಲ್ಲಿ (ಸೈನಿಕರ ಕುಟುಂಬದ ವಿವರಗಳನ್ನು ದಾಖಲಿಸುವ ಸೇನೆಯ ಆದೇಶ) ಪ್ರಕಟವಾದಾಗ ಅದರ ಪ್ರತಿಯನ್ನು ಪಡೆದು ಅಕ್ಷರಕ್ಷರ ಓದಿ ನೋಡಿ, ತಪ್ಪಿದ್ದರೆ ಆಗಲೇ ತಿದ್ದಿಸಿ.

ನಿಮ್ಮ ಸ್ವಂತ ಕೆಲಸವನ್ನು ಮನೆಯ ಕೊನೆಯ ವಿಷಯವೆಂದು ಎಣಿಸಬೇಡಿ. ಎಲ್ಲ ರಾಜ್ಯದಲ್ಲೂ ಬೆಲೆಯಿರುವ ಅರ್ಹತೆಯನ್ನು ಮೊದಲು ಗಳಿಸಿ: ಬಿ.ಎಡ್. ಇರುವವರು ಕೇಂದ್ರದ ಶಿಕ್ಷಕ ಅರ್ಹತಾ ಪರೀಕ್ಷೆಯಾದ ಸಿ.ಟಿ.ಇ.ಟಿ. ಬರೆಯಲಿ, 2021ರಲ್ಲಿ ಅದರ ಪ್ರಮಾಣಪತ್ರಕ್ಕೆ ಜೀವಮಾನದ ಮಾನ್ಯತೆ ದೊರೆತಿದೆ. ಓದು ಅರ್ಧಕ್ಕೆ ನಿಂತಿದ್ದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಮುಂದುವರಿಸಬಹುದು. ಊರು ಬದಲಾದಾಗ ಪ್ರಾದೇಶಿಕ ಕೇಂದ್ರವನ್ನೂ ಬದಲಾಯಿಸಿಕೊಳ್ಳಬಹುದು. ದಾದಿಯರು ರಾಜ್ಯ ಬದಲಾದಾಗ ಆ ರಾಜ್ಯದ ನರ್ಸಿಂಗ್ ಕೌನ್ಸಿಲಿನ ನೋಂದಣಿಯ ಬಗ್ಗೆ ಹೊರಡುವ ಮುಂಚೆಯೇ ವಿಚಾರಿಸಬೇಕು. ಯಾವ ಕೆಲಸ ಬಿಡುವಾಗಲೂ ಸೇರಿದ ದಿನ, ಬಿಟ್ಟ ದಿನ ಮತ್ತು ಹುದ್ದೆ ನಮೂದಿಸಿದ ಅನುಭವ ಪತ್ರವನ್ನು ಪಡೆಯದೆ ಹೊರಡಬೇಡಿ. ಭವಿಷ್ಯ ನಿಧಿಗೆ ಪ್ರತಿ ಊರಿನಲ್ಲೂ ಹೊಸ ಖಾತೆ ತೆರೆಸದೆ ಮೊದಲು ದೊರೆತ ಯು.ಎ.ಎನ್. (ಭವಿಷ್ಯ ನಿಧಿಯ ಶಾಶ್ವತ ಸಂಖ್ಯೆ) ಅನ್ನೇ ಕೊಡಿ.

ಇನ್ನು ಸಾಮಾನು. ಪ್ರತಿಯೊಂದು ಟ್ರಂಕಿನ ಮುಚ್ಚಳದ ಒಳಗೆ ವಸ್ತುಗಳ ಪಟ್ಟಿ ಅಂಟಿಸಿ. ಗ್ಯಾಸ್ ಸಿಲಿಂಡರನ್ನೂ ರೆಗ್ಯುಲೇಟರನ್ನೂ ಏಜೆನ್ಸಿಗೆ ಒಪ್ಪಿಸಿ, ಠೇವಣಿ ಹಿಂಪಡೆದು ವೋಚರ್ ಪಡೆಯಿರಿ. ಹೊಸ ಊರಿನ ಸಂಪರ್ಕಕ್ಕೆ ಅದು ಬೇಕು. ಕ್ವಾರ್ಟರ್ಸ್ ಬಿಡುವ ದಿನ ಎಂ.ಇ.ಎಸ್. (ಕ್ವಾರ್ಟರ್ಸುಗಳನ್ನು ನೋಡಿಕೊಳ್ಳುವ ಸೇನೆಯ ಎಂಜಿನಿಯರಿಂಗ್ ವಿಭಾಗ) ಸಿಬ್ಬಂದಿ ಫ್ಯಾನು, ನಲ್ಲಿ, ಮಂಚಗಳನ್ನು ಎಣಿಸುವಾಗ ಜೊತೆಯಲ್ಲಿಯೇ ನಿಂತು ಸಹಿ ಹಾಕಿಸಿಕೊಳ್ಳಿ. ಸ್ಟೌವ್, ಕುಕ್ಕರ್, ಅವಲಕ್ಕಿ, ಚಟ್ನಿಪುಡಿ, ಒಂದು ಹಾಸಿಗೆ ಇರುವ ಪೆಟ್ಟಿಗೆಯನ್ನು ಕೊನೆಗೆ ಲಾರಿಗೇರಿಸಿದರೆ ಅದೇ ಮೊದಲು ಇಳಿಯುತ್ತದೆ.

ಜವಾನರು ಚಿಕ್ಕ ವಯಸ್ಸಿನಲ್ಲಿಯೇ ನಿವೃತ್ತರಾಗುವುದರಿಂದ ಹಿರಿಯ ಮಗು ಕಾಲೇಜು ಸೇರುವ ಹೊತ್ತಿಗೆ ಕುಟುಂಬ ಊರಿಗೆ ಮರಳಿರುವುದುಂಟು. ಮಗು ಕರ್ನಾಟಕದಲ್ಲಿ ಏಳು ವರ್ಷ ಓದಿಲ್ಲವೆಂದು ಸಿ.ಇ.ಟಿ.ಯ ಆಸೆ ಬಿಡಬೇಡಿ. ಸೇನೆಗೆ ಸೇರುವಾಗ ಕರ್ನಾಟಕದ ಊರನ್ನು ಸ್ವಂತ ಊರೆಂದು ಘೋಷಿಸಿದವರ ಮಕ್ಕಳಿಗೆ ಅರ್ಹತೆಯ ಪ್ರತ್ಯೇಕ ನಿಯಮವಿದೆ. ಆ ಘೋಷಣೆಯನ್ನು ದೃಢೀಕರಿಸುವ ಪತ್ರವನ್ನು ಮಗು ಹನ್ನೊಂದರಲ್ಲಿರುವಾಗಲೇ ರೆಕಾರ್ಡ್ಸ್ ಆಫೀಸಿನಿಂದ ತರಿಸಿ, ಮಗು ಪರೀಕ್ಷೆ ಬರೆಯುವ ವರ್ಷದ ಸಿ.ಇ.ಟಿ. ನಿಯಮಗಳ ಜೊತೆಗೆ ಹೋಲಿಸಿ ನೋಡಿಕೊಳ್ಳಿ.