ಸೌದೆ ಸ್ಟವ್‌ನ ಕಬ್ಬಿಣ ಬಾಗದಂತೆ ಕಾಯುವುದು: ಚಳಿನಾಡಿಗೆ ಹೊರಟ ಮೈಸೂರು–ಮಂಡ್ಯದವರಿಗೆ

ಅಮೆರಿಕದ ವರ್ಮಾಂಟ್‌ನಲ್ಲಿ ನಮ್ಮ ಕುಟುಂಬ ನೆಲೆಸಿ 20 ವರ್ಷ ದಾಟಿದೆ. ಸಂಕ್ರಾಂತಿಯ ಹೊತ್ತಿಗೆ ಮೈಸೂರಿನ ಸರಸ್ವತಿಪುರಂನ ಮನೆಗೆ ಬಂದಾಗಲೆಲ್ಲ ಆ ಕಡೆಗೆ ಹೊರಟಿರುವ ನಮ್ಮ ಊರುಗಳ ಹುಡುಗರು, ಹೊಸದಾಗಿ ಸಂಸಾರ ಹೂಡಿದವರು ಮನೆಗೆ ಬಂದು ವಿಚಾರಿಸುತ್ತಾರೆ. ಈ ಸಲ ಪಾಂಡವಪುರದಿಂದ ಬಂದ ದಂಪತಿ, ತಾವು ಹೋಗಲಿರುವ ಬಾಡಿಗೆ ಮನೆಯಲ್ಲಿ ಮನೆಯನ್ನು ಬೆಚ್ಚಗಿಡುವ ಸೌದೆ ಸ್ಟವ್ ಇದೆಯೆಂದೂ, ಹಳ್ಳಿಯಲ್ಲಿ ನೀರೊಲೆ ಉರಿಸಿ ಬೆಳೆದ ತಮಗೆ ಅದು ಕಷ್ಟವಾಗಲಾರದೆಂದೂ ಹೇಳಿದರು. ನಾನೂ ಹೀಗೆಯೇ ಅಂದುಕೊಂಡು ಹೋಗಿದ್ದವನು. ಆದ್ದರಿಂದಲೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಬಚ್ಚಲಮನೆಯ ಒಲೆಗೆ ಬಾಗಿಲಿಲ್ಲ. ಉರಿ ಹೆಚ್ಚಾದರೆ ಕೊಳ್ಳಿಯನ್ನು ಹಿಂದಕ್ಕೆ ಎಳೆಯುತ್ತೇವೆ, ಕಡಿಮೆಯಾದರೆ ಮುಂದಕ್ಕೆ ತಳ್ಳುತ್ತೇವೆ. ಒಲೆಯ ಗೋಡೆಯಂತೂ ಮಣ್ಣಿನದು, ಬಿರುಕು ಬಿಟ್ಟರೆ ಮೆತ್ತಿದರಾಯಿತು. ಅಲ್ಲಿಯ ಸ್ಟವ್ ಬೀಡು ಕಬ್ಬಿಣದ ಅಥವಾ ಉಕ್ಕಿನ ಮುಚ್ಚಿದ ಪೆಟ್ಟಿಗೆ. ಹೊತ್ತಿಕೊಂಡ ಸೌದೆಯನ್ನು ಮತ್ತೆ ಹೊರಗೆಳೆಯುವಂತಿಲ್ಲ, ಉರಿಯನ್ನು ಆಳುವುದು ಒಳಗೆ ಬಿಡುವ ಗಾಳಿಯೊಂದೇ. ಈ ವ್ಯತ್ಯಾಸ ಮನಸ್ಸಿಗೆ ಇಳಿಯದಿದ್ದರೆ ಊರಿನಲ್ಲಿ ಒಳ್ಳೆಯದಾಗಿದ್ದ ಅಭ್ಯಾಸಗಳೇ ಅಲ್ಲಿ ಕಬ್ಬಿಣವನ್ನು ಸುಟ್ಟು ಹಾಳುಮಾಡುತ್ತವೆ.

ನನ್ನ ಮೊದಲ ಚಳಿಗಾಲದಲ್ಲಿ ನಡೆದದ್ದನ್ನು ಹೇಳುತ್ತೇನೆ. ಹೊರಗೆ ಮೈನಸ್ 20 ಡಿಗ್ರಿ ಇದ್ದ ಒಂದು ಸಂಜೆ, ಸೌದೆ ಬೇಗ ಹೊತ್ತಲೆಂದು ಕೆಳಗಿನ ಬೂದಿ ಬಾಗಿಲನ್ನು ತೆರೆದಿಟ್ಟು ಅಮ್ಮನಿಗೆ ಫೋನು ಮಾಡಲು ಒಳಗೆ ಹೋದೆ. ಅರ್ಧ ಗಂಟೆಯ ಮೇಲೆ ಬಂದು ನೋಡಿದಾಗ ಸ್ಟವ್‌ನ ನೆತ್ತಿ ಮಂಕುಗೆಂಪಾಗಿ ಕಾಣುತ್ತಿತ್ತು. ಕಬ್ಬಿಣ ಹಾಗೆ ಕೆಂಪಾಗಿ ಕಾಣಬೇಕಾದರೆ ಅದರ ಶಾಖ ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಮರುದಿನ ನೋಡಿದರೆ ಸೌದೆಯ ಕೆಳಗಿನ ಜಾಲರಿಯ ಕಂಬಿಗಳು ಜೋತುಬಿದ್ದಿದ್ದವು, ಮೇಲೆ ಜ್ವಾಲೆಯನ್ನು ತಡೆದು ತಿರುಗಿಸುವ ಬ್ಯಾಫಲ್ ತಟ್ಟೆ ಹಪ್ಪಳದಂತೆ ಸೊಟ್ಟಗಾಗಿತ್ತು. ಬೂದಿ ಬಾಗಿಲಿನಿಂದ ನುಗ್ಗುವ ಗಾಳಿ ಕೆಂಡದ ಬುಡಕ್ಕೇ ಬೀಸುವುದರಿಂದ ಅದು ಕಮ್ಮಾರನ ತಿದಿಯಂತೆ ಕೆಲಸ ಮಾಡುತ್ತದೆ. ಸೌದೆ ಉರಿಯುತ್ತಿರುವಾಗ ಆ ಬಾಗಿಲನ್ನು ತೆರೆದಿಟ್ಟು ಒಂದು ನಿಮಿಷವೂ ಅತ್ತಿತ್ತ ಹೋಗಬೇಡಿ. ಅತಿಯಾಗಿ ಕಾಯಿಸಿ ಕೆಡಿಸಿದ ಭಾಗಗಳಿಗೆ ತಯಾರಕರ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ.

ಕಬ್ಬಿಣ ಬಾಗುವುದೇಕೆ ಎಂಬುದು ನಮ್ಮವರಿಗೆ ಹೊಸ ವಿಷಯವಲ್ಲ. ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಏರಿಸುವಾಗ ಅದನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸುವುದನ್ನೂ, ನೀರೆರೆದ ಕೂಡಲೇ ಅದು ಕುಗ್ಗಿ ಮರವನ್ನು ಬಿಗಿಯುವುದನ್ನೂ ನಮ್ಮ ಹಿರಿಯರು ಕಂಡವರೇ. ಒಂದು ಮೀಟರ್ ಉದ್ದದ ಬೀಡು ಕಬ್ಬಿಣ 300 ಡಿಗ್ರಿ ಹೆಚ್ಚು ಕಾದರೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಎಲ್ಲ ಕಡೆ ಒಂದೇ ಸಮನೆ ಬೆಳೆದರೆ ತೊಂದರೆಯಿಲ್ಲ. ಒಂದು ಮಗ್ಗುಲು ಕೆಂಪಗೆ ಕಾದು ಇನ್ನೊಂದು ಮಗ್ಗುಲು ತಣ್ಣಗಿದ್ದಾಗ ತಟ್ಟೆ ಬಾಗುತ್ತದೆ, ಇಲ್ಲವೇ ಸೀಳುತ್ತದೆ. ಅದಕ್ಕಾಗಿಯೇ ತಣ್ಣಗಿರುವ ಸ್ಟವ್ ಅನ್ನು ಸಣ್ಣ ಉರಿಯಿಂದ ನಿಧಾನವಾಗಿ ಏರಿಸಬೇಕು. ಊರಿನಲ್ಲಿ ಇದ್ದಿಲಿಗಾಗಿ ಕೆಂಡದ ಮೇಲೆ ನೀರು ಚಿಮುಕಿಸುತ್ತೇವಲ್ಲ, ಆ ಕೆಲಸವನ್ನು ಅಲ್ಲಿ ಎಂದೂ ಮಾಡಬಾರದು: ಕಾದ ಬೀಡು ಕಬ್ಬಿಣಕ್ಕೆ ತಣ್ಣೀರು ತಾಗಿದರೆ ಅದು ಬಿರಿಯುತ್ತದೆ, ಮೇಲೇಳುವ ಹಬೆ ನಿಮ್ಮ ಕೈಮುಖ ಸುಡುತ್ತದೆ. ಉರಿ ಕೈಮೀರಿತೆನಿಸಿದರೆ ಬಾಗಿಲುಗಳನ್ನು ಭದ್ರಪಡಿಸಿ, ಗಾಳಿಕಿಂಡಿಗಳನ್ನು ಮುಚ್ಚಿ ಕಾಯಿರಿ. ಚಿಮಣಿಯೊಳಗಿಂದಲೇ ಮೊರೆತ ಕೇಳಿಸಿದರೆ ಅದು ಬೇರೆಯೇ ಅಪಾಯ, ಒಳಗೆ ಕಟ್ಟಿದ ಮಸಿಗೇ ಬೆಂಕಿ ಹೊತ್ತಿರಬಹುದು. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಅಲ್ಲಿಯ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.

ಕಣ್ಣಂದಾಜನ್ನು ನಂಬದೆ ಹೊಗೆಕೊಳವೆಗೆ ಅಂಟಿಸುವ ಅಯಸ್ಕಾಂತದ ಥರ್ಮಾಮೀಟರ್ ಒಂದನ್ನು ಮೊದಲ ವಾರವೇ ಕೊಳ್ಳಿರಿ. ಒಂಟಿಪದರದ ಕೊಳವೆಯ ಮೇಲೆ, ಸ್ಟವ್‌ನಿಂದ ಸುಮಾರು ಒಂದೂವರೆ ಅಡಿ ಎತ್ತರದಲ್ಲಿ ಅದನ್ನಿಟ್ಟರೆ, ಮುಳ್ಳು 230ರಿಂದ 475 ಡಿಗ್ರಿ ಫ್ಯಾರನ್‌ಹೀಟ್ ನಡುವೆ, ಅಂದರೆ ಸುಮಾರು 110ರಿಂದ 245 ಡಿಗ್ರಿ ಸೆಲ್ಸಿಯಸ್ ನಡುವೆ, ಇರುವಂತೆ ನೋಡಿಕೊಳ್ಳಬೇಕು. ಅದಕ್ಕಿಂತ ಕೆಳಗಿಳಿದರೆ ಚಿಮಣಿಯೊಳಗೆ ಹೊತ್ತಿಕೊಳ್ಳುವಂಥ ಜಿಡ್ಡುಮಸಿ ಕಟ್ಟುತ್ತದೆ, ಮೇಲೇರಿದರೆ ಕಬ್ಬಿಣಕ್ಕೆ ಕೇಡು. ನಿಮ್ಮ ಸ್ಟವ್‌ನ ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದೇ ನಿಮಗೆ ಪ್ರಮಾಣ.

ಬೂದಿಯ ವಿಷಯದಲ್ಲಿಯೂ ನಮ್ಮ ಅಭ್ಯಾಸ ತಿದ್ದಿಕೊಳ್ಳಬೇಕು. ದಿನಾ ಬೆಳಿಗ್ಗೆ ಒಲೆಯನ್ನು ಬಳಿದು ಸಾರಿಸಿದರೇ ನಮ್ಮ ತಾಯಂದಿರಿಗೆ ಸಮಾಧಾನ. ಆದರೆ ಜಾಲರಿಯಿಲ್ಲದ ಸ್ಟವ್‌ನಲ್ಲಿ ಎರಡು ಮೂರು ಸೆಂಟಿಮೀಟರ್ ಬೂದಿಯನ್ನು ಹಾಗೆಯೇ ಉಳಿಸಬೇಕು, ಅದು ಪೆಟ್ಟಿಗೆಯ ತಳಕ್ಕೆ ಹಾಸಿರುವ ಇಟ್ಟಿಗೆಯನ್ನು ಕೆಂಡದ ಕಾವಿನಿಂದ ಕಾಪಾಡುತ್ತದೆ. ಜಾಲರಿಯಿರುವ ಸ್ಟವ್‌ನಲ್ಲಿ ಮಾತ್ರ ಕೆಳಗಿನ ಬೂದಿತಟ್ಟೆ ತುಂಬಿ ಜಾಲರಿಯನ್ನು ಮುಟ್ಟಲು ಬಿಡಬಾರದು. ಕಂಬಿಗಳನ್ನು ತಂಪಾಗಿಡುವುದು ಕೆಳಗಿನಿಂದ ಹಾಯುವ ಗಾಳಿ, ಅದು ನಿಂತರೆ ಎರಡೂ ಕಡೆಯ ಶಾಖಕ್ಕೆ ಸಿಕ್ಕಿ ಅವು ಬಾಗುತ್ತವೆ. ತೆಗೆದ ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬದಲ್ಲಿ ಮನೆಯಿಂದ ದೂರವಿಡಿ, ಅದರೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ.

ತೆಂಗಿನ ಸೋಗೆ, ಕರಟಗಳ ಧಗಧಗ ಉರಿಗೆ ಒಗ್ಗಿದವರು ಅಲ್ಲಿ ರಟ್ಟಿನ ಪೆಟ್ಟಿಗೆ, ಮರಗೆಲಸದ ಚೂರುಗಳನ್ನು ತುಂಬುವುದನ್ನು ಕಂಡಿದ್ದೇನೆ. ಅವು ಒಮ್ಮೆಲೇ ಭುಗಿಲೆದ್ದು ಶಾಖವನ್ನು ಮಿತಿಮೀರಿಸುತ್ತವೆ. ಬಣ್ಣ ಬಳಿದ ಮರವೂ ಬೇಡ, ಕಲ್ಲಿದ್ದಲೂ ಬೇಡ. ಸೀಳಿ ಒಣಗಿಸಿದ, ತೇವಾಂಶ ಶೇಕಡ 20ಕ್ಕಿಂತ ಕಡಿಮೆಯಿರುವ ಸೌದೆಯೇ ಸರಿ. ಓಕ್ ಮರ ಹಾಗೆ ಒಣಗಲು ಎರಡು ವರ್ಷವೂ ಹಿಡಿಯಬಹುದು. ತೇವವನ್ನು ಅಳೆಯುವ ಮೀಟರನ್ನು ಹೊಸದಾಗಿ ಸೀಳಿದ ಮುಖಕ್ಕೆ ಚುಚ್ಚಿ ನೋಡಿ, ಹೊರಮೈಯ ಅಂಕಿ ಮೋಸ ಮಾಡುತ್ತದೆ.

ಒಳಗೋಡೆಯ ಇಟ್ಟಿಗೆಗಳಲ್ಲಿ ಕೂದಲೆಳೆಯ ಬಿರುಕಿದ್ದರೆ ಗಾಬರಿ ಬೇಡ. ತುಂಡು ಉದುರಿ ಹಿಂದಿನ ಲೋಹ ಕಾಣಿಸಿದರೆ ತಡಮಾಡದೆ ಬದಲಿಸಿ. ಕೆಲವು ಸ್ಟವ್‌ಗಳಲ್ಲಿ ಇಟ್ಟಿಗೆಯ ಜಾಗದಲ್ಲಿ ವರ್ಮಿಕ್ಯುಲೈಟ್ ಎಂಬ, ಶಾಖ ತಡೆಯುವ ಹಗುರ ಖನಿಜದ ಹಲಗೆಗಳಿರುತ್ತವೆ, ಅವು ಮೆದು; ಸೌದೆಯನ್ನು ಎಸೆಯದೆ ಮೆಲ್ಲಗೆ ಇಡಿ. ಬಾಗಿಲ ಸುತ್ತ ಗಾಳಿ ನುಸುಳದಂತೆ ಬಿಗಿಯುವ ಗ್ಯಾಸ್ಕೆಟ್ ಹಗ್ಗ ಸವೆದರೆ ನೀವು ಕಿಂಡಿ ಮುಚ್ಚಿದರೂ ಗಾಳಿ ಕದ್ದು ನುಗ್ಗುತ್ತದೆ. ಸ್ಟವ್ ತಣ್ಣಗಿರುವಾಗ ಬಾಗಿಲಿಗೆ ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಹಗ್ಗ ಸೋತಿದೆ ಎಂದರ್ಥ. ಹೊಸದು ಅದೇ ದಪ್ಪದ್ದೇ ಆಗಿರಬೇಕು. ಬಾಗಿಲಿನ ಗಾಜು ಶಾಖಕ್ಕೆ ಹೆದರುವುದಿಲ್ಲ, ಹೊಡೆತಕ್ಕೆ ಹೆದರುತ್ತದೆ, ಆದ್ದರಿಂದ ಸೌದೆಯ ತುದಿ ಅದಕ್ಕೆ ತಾಗುವಂತೆ ಬಾಗಿಲು ಒತ್ತಬೇಡಿ.

ಚಳಿಗಾಲ ಮುಗಿದ ಮೇಲೆ ಮಾತ್ರ ಬೂದಿಯನ್ನೆಲ್ಲ ಪೂರ್ತಿ ತೆಗೆಯಬೇಕು, ಏಕೆಂದರೆ ಅದು ಬೇಸಿಗೆಯ ತೇವ ಹೀರಿ ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ. ಗಾಳಿಕಿಂಡಿಯನ್ನು ಸ್ವಲ್ಪ ತೆರೆದಿಡಿ. ಆಗಲೇ ಚಿಮಣಿ ಗುಡಿಸುವವರನ್ನು ಕರೆಸಿ, ಬ್ಯಾಫಲ್ ತಟ್ಟೆಯನ್ನು ಇಳಿಸಿ ನೋಡಿಸಿ, ಬೇಕಾದ ಭಾಗಗಳನ್ನು ಜೂನ್–ಜುಲೈನಲ್ಲಿಯೇ ತರಿಸಿಟ್ಟುಕೊಳ್ಳಿ. ಅಕ್ಟೋಬರ್ ಬಂತೆಂದರೆ ಎಲ್ಲರೂ ಒಟ್ಟಿಗೆ ಕೇಳತೊಡಗುತ್ತಾರೆ.