ಗ್ಯಾಸಲ್ಲಿ ನೀರೆಷ್ಟಿದೆ? ಲೇಸರ್ ಅನಲೈಸರ್ ರೀಡಿಂಗ್ ಸರಿಯಾಗಿ ಬರ್ಬೇಕಂದ್ರೆ

ಗ್ಲೈಕಾಲ್ ಡ್ರೈಯರ್ (ನೀರು ಹೀರೋ ಗ್ಲೈಕಾಲ್ ದ್ರವದಿಂದ ಗ್ಯಾಸ್ ಒಣಗಿಸೋ ಘಟಕ) ದಾಟಿ ಬರೋ ನೈಸರ್ಗಿಕ ಗ್ಯಾಸಲ್ಲಿ ತೇವಾಂಶ ನೋಡೋಕೆ ಈಗ ಸುಮಾರು ಕಡೆ ಟಿಡಿಎಲ್‌ಎಎಸ್ ಹಾಕ್ತಾರೆ, ಅಂದ್ರೆ ಟ್ಯೂನಬಲ್ ಡಯೋಡ್ ಲೇಸರ್ ಅನಲೈಸರ್. ಹಳೇ ಅಲ್ಯೂಮಿನಿಯಂ ಆಕ್ಸೈಡ್ ಸೆನ್ಸರ್ ಗ್ಯಾಸಲ್ಲೇ ಮುಳುಗಿರುತ್ತೆ, ಗ್ಲೈಕಾಲ್ ಮೆತ್ಕೊಂಡ್ರೆ ರೀಡಿಂಗ್ ಕೆಡುತ್ತೆ, ಒಂದ್ಸಲ ಒದ್ದೆಯಾದ್ರೆ ಒಣಗೋಕೆ ಗಂಟೆಗಟ್ಲೆ ಬೇಕು. ಲೇಸರಲ್ಲಿ ನೀರಿನ ಅಣು ಹೀರ್ಕೊಳ್ಳೋ ತರಂಗಾಂತರದ ಬೆಳಕು ಬಿಟ್ಟು, ಕನ್ನಡಿಗೆ ಬಡಿದು ವಾಪಸ್ ಬರೋವಾಗ ಎಷ್ಟು ಕಮ್ಮಿ ಆಯ್ತು ಅಂತ ನೋಡೋದಷ್ಟೇ.

ರೀಡಿಂಗ್ ಏರುಪೇರಾದ್ರೆ ಎಲ್ರೂ ಮೊದ್ಲು ಅನಲೈಸರನ್ನೇ ಬೈತಾರೆ, ನನ್ನ ಕೇಳಿದ್ರೆ ಕಳ್ಳ ಸಿಗೋದು ಸ್ಯಾಂಪಲ್ ಲೈನಲ್ಲಿ, ಅಂದ್ರೆ ಪೈಪಿಂದ ಅನಲೈಸರಿಗೆ ಗ್ಯಾಸ್ ತರೋ ಸಣ್ಣ ಟ್ಯೂಬಲ್ಲಿ.

ಪ್ರೋಬನ್ನ (ಸ್ಯಾಂಪಲ್ ತೆಗೆಯೋ ನಳಿಕೆ) ಪೈಪಿನ ಮೇಲ್ಗಡೆಯಿಂದ ಇಳಿಸಿ, ತುದಿ ಪೈಪಿನ ನಡುಭಾಗಕ್ಕೆ ಬರ್ಲಿ, ಗೋಡೆ ಪಕ್ಕ ಹರಿಯೋ ದ್ರವ ಬೇಡ. ಆಮೇಲೆ ಪ್ರೆಶರ್ ಇಳಿಸೋದು. ಪ್ರತಿ ಬಾರ್ ಇಳಿದ್ರೆ ಗ್ಯಾಸ್ ಹತ್ತತ್ರ ಅರ್ಧ ಡಿಗ್ರಿ ತಣ್ಣಗಾಗುತ್ತೆ, 60 ಬಾರಿಂದ ವಾತಾವರಣದ ಒತ್ತಡಕ್ಕೆ ತಂದ್ರೆ ಸುಮಾರು 30 ಡಿಗ್ರಿ ಹೋಯ್ತು, ಭಾರದ ಹೈಡ್ರೋಕಾರ್ಬನ್ ಅಲ್ಲೇ ದ್ರವ ಆಗ್ಬಹುದು. ಅದಕ್ಕೇ ಹೀಟೆಡ್ ರೆಗ್ಯುಲೇಟರ್, ಅದಕ್ಕೂ ಮುಂಚೆ ದ್ರವ ತಡೆಯೋ ಮೆಂಬ್ರೇನ್ ಫಿಲ್ಟರ್, ಅಲ್ಲಿಂದ ಅನಲೈಸರ್ ತನಕ ಹೀಟ್ ಟ್ರೇಸಿಂಗ್, ಅಂದ್ರೆ ಟ್ಯೂಬನ್ನ ಬೆಚ್ಚಗಿಡೋ ವ್ಯವಸ್ಥೆ. ಟ್ಯೂಬ್ 316 ಸ್ಟೇನ್‌ಲೆಸ್, ಒಳಗಡೆ ಎಲೆಕ್ಟ್ರೋಪಾಲಿಶ್ ಆಗಿರೋದಾದ್ರೆ ಇನ್ನೂ ಒಳ್ಳೇದು. ಪ್ಲಾಸ್ಟಿಕ್ ಟ್ಯೂಬ್ ಮಾತ್ರ ಮುಟ್ಬೇಡಿ. ಒಳಗೆ ಪ್ರೆಶರ್ ಇದೆಯಲ್ಲ ಹೊರಗಿನ ತೇವ ಹೆಂಗ್ ಬರುತ್ತೆ ಅಂತ ಕೇಳ್ತಾರೆ, ಬರುತ್ತೆ ಸ್ವಾಮಿ, ನೀರಿಗೆ ಲೆಕ್ಕ ಅದರ ಪಾರ್ಶಿಯಲ್ ಪ್ರೆಶರ್ (ಒಟ್ಟು ಒತ್ತಡದಲ್ಲಿ ನೀರಾವಿಯ ಪಾಲು) ಮಾತ್ರ, ಮಳೆಗಾಲದ ಗಾಳೀಲಿ ಅದು ಒಣ ಗ್ಯಾಸಿಗಿಂತ ಎಷ್ಟೋ ಜಾಸ್ತಿ.

ಸೆಲ್ಲಿನ (ಲೇಸರ್ ಬೆಳಕು ಗ್ಯಾಸಲ್ಲಿ ಹಾಯೋ ಕೋಣೆ) ವೆಂಟ್ ಸಾಧ್ಯವಾದ್ರೆ ಸುರಕ್ಷಿತ ಜಾಗದಲ್ಲಿ ಬಯಲಿಗೆ ಬಿಡಿ, ಫ್ಲೇರ್ ಹೆಡರಿಗೇ (ಸುಡೋ ಗ್ಯಾಸ್ ಒಯ್ಯೋ ಪೈಪ್) ಕೊಡ್ಬೇಕಂದ್ರೆ, ಸೆಲ್ಲಿನ ಒತ್ತಡ ಏರುಪೇರಾಗದಂಗೆ ಬ್ಯಾಕ್ ಪ್ರೆಶರ್ ರೆಗ್ಯುಲೇಟರ್ ಹಾಕಿ. ಸ್ಟಾರ್ಟ್ ಮಾಡಿದ್ಮೇಲೆ ನಂಬರ್ ಇಳೀತಾನೇ ಇದ್ರೆ ಲೈನ್ ಇನ್ನೂ ಒಣಗ್ತಿದೆ ಅಂತರ್ಥ, ಕಾಯಿರಿ. ಅಮೆರಿಕದ ಪೈಪ್‌ಲೈನ್‌ಗಳಲ್ಲಿ ಸಾಮಾನ್ಯ ಮಿತಿ ಹತ್ತು ಲಕ್ಷ ಘನ ಅಡಿಗೆ 7 ಪೌಂಡ್ ನೀರು, ಅಂದ್ರೆ ಸುಮಾರು 147 ಪಿಪಿಎಂ (ಹತ್ತು ಲಕ್ಷ ಭಾಗ ಗ್ಯಾಸಲ್ಲಿ 147 ಭಾಗ ನೀರಾವಿ), ಇದು ಲೇಸರಿಗೆ ಸುಲಭದ ಕೆಲಸ.

ಇದೇ ಬಗೆಯ ಲೇಸರಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷದ ಗ್ಯಾಸ್ ಅಳೆಯೋ ಕತೆಯೇ ಬೇರೆ. ಅಲ್ಲಿ ಮಿತಿ ಬರೀ 4 ಪಿಪಿಎಂ ಆಸುಪಾಸು, ಮೀಥೇನಿನ ಹೀರುವಿಕೆ ಅದನ್ನ ಮುಚ್ಚಿಬಿಡುತ್ತೆ. ಹಂಗಾಗಿ ಅದೇ ಗ್ಯಾಸನ್ನ ಸ್ಕ್ರಬ್ಬರಲ್ಲಿ ಹಾಯಿಸಿ ಸಲ್ಫೈಡ್ ತೆಗೆದು ಒಂದು ಸ್ಪೆಕ್ಟ್ರಂ (ಯಾವ ತರಂಗಾಂತರದಲ್ಲಿ ಬೆಳಕು ಎಷ್ಟು ಹೀರ್ಕೊಂತು ಅನ್ನೋ ಗೆರೆಚಿತ್ರ) ತಗೊಂಡು, ಮೂಲ ಸ್ಪೆಕ್ಟ್ರಂನಿಂದ ಕಳೀತಾರೆ. ಹುಷಾರು, ಸ್ಕ್ರಬ್ಬರ್ ಸತ್ತೋದ್ರೆ ಎರಡರಲ್ಲೂ ಸಲ್ಫೈಡ್ ಇರುತ್ತೆ, ಕಳೆದ್ರೆ ಸೊನ್ನೆ ಹತ್ರ ಬರುತ್ತೆ, ಸ್ಕ್ರೀನ್ ನೋಡಿದವರು ಗ್ಯಾಸ್ ಕ್ಲೀನ್ ಅಂದ್ಕೋತಾರೆ. ಅದಕ್ಕೆ ಸ್ಕ್ರಬ್ಬರ್ ಇಂಡಿಕೇಟರನ್ನ ರೌಂಡ್ಸಲ್ಲಿ ಕಣ್ಣಾರೆ ನೋಡಿ.

ಲೇಸರ್ ಪವರ್ ದಿನೇ ದಿನೇ ಇಳೀತಿದ್ರೆ ಕನ್ನಡಿ ಮಂಕಾಗಿದೆ. ಲೇಸರ್ ಆಫ್ ಮಾಡಿ, ಐಸೊಲೇಟ್ ಮಾಡಿ, ನೈಟ್ರೋಜನ್ ಹಾಯಿಸಿ, ಕನ್ನಡಿ ಯಾವ ದಿಕ್ಕಿಗಿತ್ತು ಅಂತ ಗುರುತು ಹಾಕಿ ಬಿಚ್ಚಿ. ಲಿಂಟ್ ಇಲ್ಲದ ಬಟ್ಟೇಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಂದೇ ದಿಕ್ಕಲ್ಲಿ ಒಂದ್ಸಲ ಎಳೀರಿ, ಉಜ್ಬೇಡಿ. ಸ್ವಲ್ಪ ದಿನಕ್ಕೇ ಮತ್ತೆ ಮಂಕಾದ್ರೆ ಮೆಂಬ್ರೇನ್ ಹರಿದಿರ್ಬೇಕು, ಅದೂ ಸರಿ ಇದ್ರೆ ಗ್ಲೈಕಾಲ್ ಹಾರಿ ಬರ್ತಿದೆಯಾ ನೋಡಿ ಅಂತ ಪ್ರೊಸೆಸ್‌ನವರಿಗೆ ಫೋನ್ ಮಾಡಿ.